ಮೇಲಿನ ಮನೆ ಜಡ್ಜಮ್ಮ, ಮೆಟ್ಟಿಲಿನ ಕೇಸು

ನನ್ನ ಬಾಯಿ ಸುಮ್ಮನಿದ್ದರೆ ಕೈ ಸುಮ್ಮನಿರೋದಿಲ್ಲ, ಕೈ ಸುಮ್ಮನಿದ್ದರೆ ಬಾಯಿ. ಅದಕ್ಕೇ ನಾನಿರೋ ಕಡೆ ಏನಾದರೊಂದು ಆಗ್ತಾನೇ ಇರುತ್ತೆ. ಜರ್ಮನಿಯ ರೆನ್ನಿಂಗೆನ್‌ನಲ್ಲಿ ಈ ಬಾಡಿಗೆ ಮನೆ ಹಿಡಿಯೋಕೆ ನನ್ನ ಮಗಳು ಏಳು ತಿಂಗಳು ಅಲೆದಿದ್ದಳು. ನಾನು ಬಂದ ದಿನವೇ ಕೈ ಮುಗಿದು, "ಅಮ್ಮಾ, ಈ ಮನೆಯೊಂದು ಉಳಿಸು" ಅಂದಳು.

ಕರಿ ನಿಲುವಂಗಿ

ಮೇಲಿನ ಮನೇಲಿ ಒಬ್ಬರು ಅಮೆರಿಕಾದ ಮುದುಕಿ, ಮೂಲ ಜಪಾನು, ಮಗಳ ಜೊತೆ ಇದ್ದಾರೆ. ಒಂದಿನ ಅವರ ಬಾಲ್ಕನೀಲಿ ಉದ್ದನೆ ಕರಿ ನಿಲುವಂಗಿ ಒಣಗ್ತಿತ್ತು. ನನಗೆ ಅಷ್ಟು ಸಾಕು. ಚರ್ಚಿನ ಸನ್ಯಾಸಿನಿ ಅಂದ್ಕೊಂಡೆ, ಅದರ ಮೇಲೆ ಮಗಳು ಬೇರೆ. ನಮ್ಮ ಕನ್ನಡದ ಹೆಂಗಸರ ಶನಿವಾರದ ಭಜನೇಲಿ, ಆಕೆ ಮಠ ಬಿಟ್ಟು ಓಡಿಬಂದ ಕಥೇನ ಎರಡು ಸಲ ಹೇಳಿದೆ. ಎರಡನೇ ಸಲಕ್ಕೆ ಕಥೆಯೊಳಗೆ ಒಬ್ಬ ಪಾದ್ರಿಯೂ ಸೇರಿಕೊಂಡ.

ಮನೆಗೆ ಬಂದರೆ ನನ್ನ ಮಗಳು ಅಂದಳು: "ಅವರು ರಿಟೈರ್ಡ್ ಜಡ್ಜು ಕಣಮ್ಮ. ಅಮೆರಿಕಾದಲ್ಲಿ ಅವರ ಊರಿಗೆ, ಜಪಾನಿನವರಲ್ಲಿ ಮೊದಲನೇ ಹೆಣ್ಣು ಲಾಯರು, ಮೊದಲನೇ ಜಡ್ಜು. ಅದು ಕೋರ್ಟಿನ ಗೌನು."

ಅಷ್ಟು ಹೊತ್ತಿಗೆ ಪಾದ್ರಿ ನಾಲ್ಕು ಮನೆ ಸುತ್ತಿ ಬಂದಿದ್ದ.

ಬೆಂಚು

ಪ್ರಾಯಶ್ಚಿತ್ತಕ್ಕೆ ಅಂತ ಕೋಡುಬಳೆ ತಗೊಂಡು ಮೇಲೆ ಹೋದೆ. ಆಕೆಯ ಇಂಗ್ಲಿಷನ್ನ ಜೊತೆಗೆ ಬಂದ ನನ್ನ ಮಗಳು ಕನ್ನಡ ಮಾಡಿದಳು. ಜಡ್ಜಾದ ಮೊದಲನೇ ದಿನ ಬಾಗಿಲಲ್ಲಿದ್ದ ಜವಾನ, "ಜಡ್ಜು ಇನ್ನೂ ಬಂದಿಲ್ಲ, ಬೆಂಚಲ್ಲಿ ಕೂತ್ಕೋಮ್ಮ" ಅಂದನಂತೆ. ಈಕೆ ಕೂತರು. ಅರ್ಧ ಗಂಟೆ ಆದಮೇಲೆ ಅವನೇ ಬಂದು, "ಎಂಥ ಜಡ್ಜೋ, ಮೊದಲನೇ ದಿನವೇ ಲೇಟು" ಅಂತ ಗೊಣಗಿದ.

"ಅವಳು ಬೇಗನೇ ಬಂದಿದ್ದಾಳಪ್ಪ. ಬೆಂಚಲ್ಲಿ ಕೂರಿಸಿದ್ದು ನೀನು" ಅಂದರಂತೆ.

ಬೋರ್ಡು

ಈ ಊರಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ. ಯಾರ ಬಾಗಿಲಿಗೆ ಮರದ ಬೋರ್ಡು ನೇತಾಡುತ್ತೋ, ಆ ವಾರ ಮೆಟ್ಟಿಲು ಗುಡಿಸೋದು ಅವರು. ಆಮೇಲೆ ಪಕ್ಕದ ಬಾಗಿಲಿಗೆ ಹಾಕೋದು. ಆ ಬೋರ್ಡು ಎರಡು ತಿಂಗಳಿಂದ ಕಾಣೆ. ಗುಡಿಸಿದವರಿಲ್ಲ. ಕದ್ದವರು ಮನೆ ಖಾಲಿ ಮಾಡಬೇಕು ಅಂತ ಓನರ್ ಕಾಗದ ಅಂಟಿಸಿದ. ಎಲ್ಲಿ ಮನೆ ಹೋಗುತ್ತೋ ಅಂತ ಮಗಳು ಊಟ ಬಿಟ್ಟಳು. ಇದು ಕೆಳಗಿನ ಮನೆ ಮುದುಕನದೇ ಕೆಲಸ ಅಂತ ನಾನು ಸಿಕ್ಕವರಿಗೆಲ್ಲ ಹೇಳಿದೆ.

ಜಡ್ಜಾಗಿದ್ದವರು ಅಂತ ವಿಚಾರಣೆ ಜಡ್ಜಮ್ಮನ ಪಾಲಿಗೆ ಬಂತು. ಮನೆಮನೆ ನೋಡ್ತಾ ನಮ್ಮಲ್ಲಿಗೂ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು, ಅವರಲ್ಲೂ ಹಾಗೇ ಅಂತೆ. ದೇವರ ಗೂಡಿನ ಮುಂದೆ ನಿಂತು ಕೈ ಮುಗಿದವರು ಹಾಗೇ ನಿಂತುಬಿಟ್ಟರು. ಗೌರಿ ಪಟದ ಪಕ್ಕ, ಅರಿಸಿನ ಕುಂಕುಮ ಹೂವು ಇಟ್ಕೊಂಡು, ಆ ಬೋರ್ಡು.

ನಾನು ಬಂದ ವಾರ ಅದನ್ನ ನಮ್ಮ ಬಾಗಿಲಿಗೆ ನೇತುಹಾಕಿದ್ದರು. ಹೊಸ ಮನೆಗೆ ಯಾರೋ ಪುಣ್ಯಾತ್ಮರು ರಕ್ಷೆ ಕಟ್ಟಿದ್ದಾರೆ ಅಂದ್ಕೊಂಡು ಒಳಗಿಟ್ಟು ದಿನಾ ಪೂಜೆ ಮಾಡ್ತಿದ್ದೆ; ಕಾಣೆಯಾದ ಬೋರ್ಡು ಇದೇ ಅಂತ ಹೊಳೀಲಿಲ್ಲ. ಮಗಳು ದೇವರ ಕಡೆ ತಲೆ ಹಾಕೋದು ಹಬ್ಬಕ್ಕೆ ಮಾತ್ರ, ಅವಳಿಗೆ ಹೇಗೆ ಗೊತ್ತಾಗಬೇಕು. ಈಗ ನೋಡಿ ಮುಂಬಾಗಿಲು ಹಾಕಿ ಬಂದಳು.

ಜಡ್ಜಮ್ಮ ಕೂತು ಕಾಫಿ ಕುಡಿದು ಮುಗಿಸಿದರು. ಆಮೇಲೆ ಮಗಳಿಗೆ ಹೇಳಿದರು: "ಜಡ್ಜಾಗಿ ನಿನ್ನ ತಾಯಿಗೆ ಎಂಟು ವಾರ ಮೆಟ್ಟಿಲು ಗುಡಿಸೋ ಶಿಕ್ಷೆ. ಸನ್ಯಾಸಿನಿಯಾಗಿ ಕ್ಷಮಿಸಿದ್ದೀನಿ."

ನನ್ನ ಕಥೆಯ ಪಾದ್ರಿ ಮೇಲಿನ ಮಹಡಿಗೂ ಹತ್ತಿದ್ದಾನೆ ಅಂತ ಆಗ ಗೊತ್ತಾಯ್ತು.

ಜಡ್ಜಮ್ಮ ಹೊರಗೆ ಹೋಗಿ ಎಲ್ಲರ ಮುಂದೆ, "ಬೋರ್ಡು ಸಿಕ್ಕಿದೆ, ಯಾರೂ ಕದ್ದಿಲ್ಲ, ಕೇಸು ವಜಾ" ಅಂದರು. ಓನರ್ ಕಾಗದ ಕಿತ್ತುಕೊಂಡು ಹೋದ. ಮಗಳು ಅವತ್ತು ಎರಡು ತಟ್ಟೆ ಅನ್ನ ಉಂಡಳು.

ಕೆಳಗಿನ ಮನೆ ಮುದುಕ ಮಾತ್ರ ಕುಂಕುಮ ಕೆರೆದು ನೋಡಿ, "ಇದೇನು ಕೆಂಪು?" ಅಂದನಂತೆ.

"ಕೋರ್ಟಿನ ಸೀಲು" ಅಂದರು ಜಡ್ಜಮ್ಮ.

ನನ್ನ ಎಂಟು ವಾರ ಮುಗಿದಿದೆ, ಈಗ ಅವನ ಸರದಿ ಮುಗಿದಾಗ ಆ ಬೋರ್ಡನ್ನ ಎರಡೂ ಕೈಲಿ ಹಿಡ್ಕೊಂಡು ಮೆಟ್ಟಿಲು ಹತ್ತುತ್ತಾನೆ. ಸೀಲು ಮಾಸಿದರೆ, ಜಡ್ಜಮ್ಮ ಹೇಳಿದ್ದಾರೆ ಅಂತ, ಹೊಸದು ಒತ್ತಿಸ್ಕೊಳ್ಳೋಕೆ ನನ್ನ ಬಾಗಿಲಿಗೇ ಬರ್ತಾನೆ.