ಜರ್ಮನಿಯ ಹಳ್ಳಿಯೂ ನನ್ನ ಎಡಗಿವಿಯೂ

ನಮ್ಮ ಸೋದರಮಾವನಿಗೆ ಇಡೀ ಭೂಮಂಡಲದಲ್ಲಿ ಮೂಲೆಮೂಲೆಯೂ ಗೊತ್ತಿದ್ದ ಊರು ಒಂದೇ ಒಂದು. ಅದು ಪೀಣ್ಯದ ಪಕ್ಕದಲ್ಲಿದ್ದ ನಮ್ಮೂರಲ್ಲ, ಜರ್ಮನಿಯ ಒಂದು ಪುಟ್ಟ ಹಳ್ಳಿ! ಆ ಹಳ್ಳಿಯ ದೆಸೆಯಿಂದ ನನ್ನ ಎಡಗಿವಿ ಬಲಗಿವಿಗಿಂತ ಕೊಂಚ ಉದ್ದವಾಗಿದೆ ಅಂದರೆ ನೀವು ನಗುತ್ತೀರಿ. ನಗಿ, ನಿಮಗೇನು! ಹಿಂಡಿಸಿಕೊಂಡವಳು ನಾನು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮಾವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಎಪ್ಪತ್ತರ ದಶಕದ ಶುರುವಿನಲ್ಲಿ ಹೊಸ ಮಷೀನು ನಡೆಸುವುದನ್ನು ಕಲಿತು ಬಾ ಅಂತ ಅವನನ್ನು ಕೆಲವು ತಿಂಗಳು ಜರ್ಮನಿಗೆ ಕಳಿಸಿದರು. ಪಟ್ಟಣದಲ್ಲಿ ರೂಮು ಸಿಗದೆ ಹತ್ತಿರದ ಹಳ್ಳಿಯಲ್ಲಿ, ಒಬ್ಬ ಒಂಟಿ ಮುದುಕಿಯ ಮನೆಯಲ್ಲಿ ಬಾಡಿಗೆಗೆ ಇದ್ದನಂತೆ. ಫಾರಿನ್ನಿಂದ ಬರುವ ಮಾವ ಏನು ತರುತ್ತಾನೆ ಅಂತ ನಾವು ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ಕಾದೆವು. ವಾಚಾ? ಟಾರ್ಚಾ? ಚಾಕೊಲೇಟಾ? ತಂದದ್ದು ಒಂದು ಚಳಿಕೋಟು ಮತ್ತು ಆ ಹಳ್ಳಿಯ ಇತಿಹಾಸ. ಕೋಟು ಅವನಿಗೆ, ಇತಿಹಾಸ ನಮಗೆ!

ಊಟಕ್ಕೆ ಕೂತನೆಂದರೆ ಮುಗಿಯಿತು. ತಟ್ಟೆಯ ನಡುವಿನ ಮುದ್ದೆಯೇ ಗುಡ್ಡ. ಅದರ ನೆತ್ತಿಗೆ ಚುಚ್ಚಿದ ನುಗ್ಗೇಕಾಯಿ ಚರ್ಚಿನ ಗೋಪುರ. ಆ ಗೋಪುರ ಸಿಡಿಲು ಬಡಿದು ಎಡಕ್ಕೆ ವಾಲಿದೆಯಂತೆ, ಅದಕ್ಕೇ ನುಗ್ಗೇಕಾಯಿಯನ್ನೂ ಬೆರಳಲ್ಲಿ ಒತ್ತಿ ಎಡಕ್ಕೇ ವಾಲಿಸುತ್ತಿದ್ದ. ಸುತ್ತ ಹರಿಯುವ ಸಾರು ಹಳ್ಳ, ಹಳ್ಳದ ದಂಡೆಯ ಉಪ್ಪಿನಕಾಯಿ ಹೋಳು ನೀರಿನಲ್ಲಿ ತಿರುಗುವ ಹಿಟ್ಟಿನ ಗಿರಣಿ, ಸೊಪ್ಪಿನ ಗುಡ್ಡೆ ಊರಿನ ಪಂಚಾಯ್ತಿ ಸೇರುತ್ತಿದ್ದ ಮುದಿ ಮರ. ಹಿಂದೊಮ್ಮೆ ಪ್ಲೇಗು ಬಂದು ಊರಿಗೆ ಊರೇ ಖಾಲಿಯಾಗಿ ಬೆರಳೆಣಿಕೆಯ ಮನೆಗಳಲ್ಲಿ ಮಾತ್ರ ಒಲೆ ಉರಿಯುತ್ತಿತ್ತಂತೆ. ಈ ಕಥೆ ಮುಗಿಯುವ ಹೊತ್ತಿಗೆ ಮುದ್ದೆ ಆರಿ ಕಲ್ಲಾಗುತ್ತಿತ್ತು.

"ಉಣ್ಣೋ ತಟ್ಟೇಲಿ ಊರು ಕಟ್ಬ್ಯಾಡ ಕಣ್ಲಾ, ನುಂಗು ಮೊದ್ಲು!" ಅಂತ ಅಜ್ಜಿ ಗದರುತ್ತಿದ್ದಳು.

ಅಲ್ಲ, ಇವನಿಗೆ ಜರ್ಮನ್ ಬರುತ್ತಿರಲಿಲ್ಲ, ಆ ಮುದುಕಿಗೆ ಇಂಗ್ಲಿಷೂ ಬರುತ್ತಿರಲಿಲ್ಲ. ಮತ್ತೆ ಇಷ್ಟೆಲ್ಲ ಇತಿಹಾಸ ತಿಳಿದದ್ದು ಹೇಗೆ? ಕೇಳಿದರೆ "ಕೈಸನ್ನೇಲಿ" ಅನ್ನುತ್ತಿದ್ದ! ಪ್ಲೇಗನ್ನು ಕೈಸನ್ನೆಯಲ್ಲಿ ಹೇಗೆ ಹೇಳುತ್ತಾರೆ ಅಂತ ನಾನು ಕೇಳಿದ್ದೇ ತಪ್ಪಾಯಿತು. ಮಾವ ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ, ಧಡಾರನೆ ನೆಲಕ್ಕೆ ಬಿದ್ದ. ಒಳಗಿಂದ ಬಂದ ಅತ್ತೆ ಕೈಯಲ್ಲಿದ್ದ ಹಾಲಿನ ಪಾತ್ರೆ ಬಿಟ್ಟು "ಅಯ್ಯಯ್ಯೋ!" ಅಂತ ಎದೆ ಬಡಿದುಕೊಂಡಳು. ಹಾಲು ಹೋಯಿತು. ಮಾವ ಎದ್ದು ಕೂತು, "ನೋಡ್ದಾ, ಹಿಂಗೇ ತೋರ್ಸಿದ್ಲು" ಅಂದ.

ಚಿಕ್ಕಮ್ಮನನ್ನು, ಅಂದರೆ ಇವನ ಸ್ವಂತ ತಂಗಿಯನ್ನು, ನೋಡಲು ಗಂಡಿನ ಕಡೆಯವರು ಬಂದ ದಿನವಾದರೂ ತೆಪ್ಪಗಿದ್ದನೇ? ಅವತ್ತು ಗಂಟೆಯ ಕಥೆ ತೆಗೆದ. ಯುದ್ಧದ ಕಾಲದಲ್ಲಿ ಗುಂಡು ಎರಕ ಹೊಯ್ಯಲು ಚರ್ಚಿನ ಗಂಟೆಯನ್ನು ಸರ್ಕಾರದವರು ಇಳಿಸಿಕೊಂಡು ಹೋದರಂತೆ. ಯುದ್ಧ ಮುಗಿದ ಮೇಲೆ ಅದು ಕರಗದೆ ಎಲ್ಲೋ ರಾಶಿಯಲ್ಲಿ ಬಿದ್ದಿದೆ ಅಂತ ಸುದ್ದಿ ಬಂತಂತೆ. ಊರವರು ಹುಡುಕಿಕೊಂಡು ಹೋಗಿ, ಗಾಡಿಗೆ ಹಾಕಿ ತಂದು, ಮತ್ತೆ ಕಟ್ಟಿದರಂತೆ. ಹೇಳುತ್ತಾ ಹೇಳುತ್ತಾ ಮಾವನ ಕಣ್ಣಲ್ಲಿ ನೀರು! ಕೇಸರಿಬಾತು ಖಾಲಿಯಾಯಿತು, ಹೊತ್ತು ಮುಳುಗಿತು, ಚಿಕ್ಕಮ್ಮ ಬಾಗಿಲ ಹಿಂದೆ ನಿಂತೂ ನಿಂತೂ ಕಾಲು ಬದಲಾಯಿಸಿದಳು. ಕೊನೆಗೆ ಗಂಡಿನ ಅಪ್ಪ ಎದ್ದು, "ಗಂಟೆ ನೋಡಿದ್ದಾಯ್ತು ಕಣಪ್ಪ, ಎಣ್ಣು ಇದ್ರೆ ಅದ್ನೂ ತೋರ್ಸು" ಅಂದರು.

ಇದನ್ನೆಲ್ಲ ನಾನು ಕ್ಷಮಿಸಿಯೇನು. ಕಿವಿಯ ವಿಷಯ ಮಾತ್ರ ಕ್ಷಮಿಸಲಾರೆ.

ಆ ಹಳ್ಳಿಯಲ್ಲಿ ಒಂದು ಪದ್ಧತಿಯಂತೆ. ವರುಷಗಟ್ಟಲೆ ಬಿಟ್ಟು ಒಮ್ಮೆ ಊರವರೆಲ್ಲ ಸೇರಿ ಊರಿನ ಗಡಿಯುದ್ದಕ್ಕೂ ನಡೆಯುತ್ತಾರಂತೆ. ಒಂದೊಂದು ಗಡಿಕಲ್ಲು ಬಂದಾಗಲೂ ಒಂದು ಮಗುವನ್ನು ಅಲ್ಲಿ ನಿಲ್ಲಿಸಿ ಕಪಾಳಕ್ಕೆ ಬಿಡುವುದೋ ಕಿವಿ ಹಿಂಡುವುದೋ ಮಾಡುತ್ತಿದ್ದರಂತೆ. ಯಾಕೆ? ನೋವಾದ ಜಾಗವನ್ನು ಮಗು ಸಾಯುವ ತನಕ ಮರೆಯುವುದಿಲ್ಲವಲ್ಲ, ಅದಕ್ಕೆ! ಆಮೇಲೆ ಸಮಾಧಾನಕ್ಕೆ ಕೈಗೊಂದು ಬನ್ನು.

ಇದು ಮಾವನ ತಲೆಯಲ್ಲಿ ಕೂತಿತು. ಒಂದು ಭಾನುವಾರ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ಹೊರಟ. ಅವನ ಮಕ್ಕಳು ಬುದ್ಧಿವಂತರು, ಹೊಟ್ಟೆನೋವು ಅಂದರು. ಕೆರೆಯ ತೂಬಿನ ಹತ್ತಿರ ನಿಲ್ಲಿಸಿ, "ಇದು ನಮ್ಮೂರಿನ ತೂಬು, ನಮ್ಮ ಮುತ್ತಜ್ಜನ ಕಾಲದ್ದು" ಅಂದವನೇ ಎಡಗಿವಿ ಹಿಂಡಿದ. ಅರಳಿಕಟ್ಟೆಯಲ್ಲಿ ಹಿಂಡಿದ. ಮಾರಮ್ಮನ ಗುಡಿಯ ಹಿಂದೆ ಹಿಂಡಿದ. ಕೊನೆಗೆ ಊರ ಮುಂದಿನ ಕರುಗಲ್ಲಿಗೆ ಬಂದೆವು. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಟ್ಟ ಕಲ್ಲು ಅದು. ದನಕರುಗಳಿಗೆ ರೋಗ ಬಂದರೆ ಊರವರು ಅದಕ್ಕೇ ನೀರು ಹೊಯ್ದು ಪೂಜೆ ಮಾಡುತ್ತಿದ್ದರು. ಅಲ್ಲಿ ಹಿಂಡಿದ ಹಿಂಡು ಇದೆಯಲ್ಲ, ಅಬ್ಬಾ! ಓಲೆ ಕಳಚಿ ಬಿತ್ತು. ನಾನು ಅಲ್ಲೇ ಕಲ್ಲಿನ ಬುಡದಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ ಅತ್ತೆ.

"ಬನ್ನು ಎಲ್ಲಿ?" ಅಂದೆ ಬಿಕ್ಕುತ್ತಾ.

"ನಮ್ಮೂರಲ್ಲಿ ಬೇಕ್ರಿ ಎಲ್ಲೈತೆ ಪುಟ್ಟಿ? ಆಮೇಲ್ ಕೊಡುಸ್ತೀನಿ."

ಕೊಡಿಸಿದನೇ? ಕೇಳಬೇಡಿ! ಮನೆಯಲ್ಲಿ ಅಜ್ಜಿ ನನ್ನ ಕಿವಿಗೆ ಎಣ್ಣೆ ಸವರುತ್ತಾ, "ಜರ್ಮನೀಲಿ ಮಕ್ಕಳ ಕಿವಿ ಕಿತ್ತು ಕೈಗಿಡೋದಾ ಕಲ್ತು ಬಂದಿರೋದು, ನಿನ್ ಓದಿಗಿಷ್ಟು ಬೆಂಕಿ ಹಾಕ!" ಅಂತ ಮಗನಿಗೆ ಸಹಸ್ರನಾಮ ಮಾಡಿದಳು.

ಆಮೇಲೆ ಪೀಣ್ಯಕ್ಕೆ ಕಾರ್ಖಾನೆಗಳು ಬಂದವು. ಹೊಲ ಹೋಯಿತು, ತೋಪು ಹೋಯಿತು, ಕೆರೆಯಲ್ಲಿ ಮಣ್ಣು ತುಂಬಿತು. ಬುಲ್ಡೋಜರು ಒಂದು ಕಡೆಯಿಂದ ಸವರಿಕೊಂಡು ಬಂತು. ಅರಳಿಕಟ್ಟೆಯ ಮೇಲೆ ಹಾಯುವಾಗ ಯಾರಾದರೂ ಅಡ್ಡ ನಿಂತರೇ? ಇಲ್ಲ! ಎಲ್ಲರೂ ಕೈಕಟ್ಟಿಕೊಂಡು ಮಷೀನು ಎಷ್ಟು ಚೆನ್ನಾಗಿ ತೋಡುತ್ತದೆ ಅಂತ ಮೆಚ್ಚಿಕೊಂಡು ನೋಡಿದರು. ಮಾವನೂ ಅಡ್ಡ ನಿಲ್ಲಲಿಲ್ಲ. "ಹುಡುಗ್ರಿಗೆ ಕೆಲ್ಸ ಸಿಗ್ತೈತೆ" ಅಂದು, ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡು ಊರಾಚೆಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೋಗಿಬಿಟ್ಟ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅಜ್ಜಿಯನ್ನು ನೋಡಬೇಕೆಂದರೂ ಅವಳನ್ನೇ ಅಲ್ಲಿಗೆ ಕರೆಸಿಕೊಳ್ಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಯಾರದೋ ದೇಶದ ಗಂಟೆ ವಾಪಸು ಬಂತು ಅಂತ ಕಣ್ಣೀರು ಹಾಕುವವನು, ತನ್ನೂರು ಮಣ್ಣಾಗುವಾಗ ಬೆನ್ನು ತಿರುಗಿಸಿ ಹೋದನಲ್ಲ! ಹಾಗಾದರೆ ನನ್ನ ಕಿವಿ ಹಿಂಡಿದ್ದು ಯಾವ ಪುರುಷಾರ್ಥಕ್ಕೆ?

ವರ್ಷಗಳು ಕಳೆದವು. ನಾನು ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಟೈಪಿಸ್ಟ್ ಆದೆ. ನಮ್ಮೂರಿನ ಮನೆಗಳು ಚದುರಿ ರಾಜಗೋಪಾಲನಗರದ ಕಡೆ ಒಂದಷ್ಟು, ಲಗ್ಗೆರೆ ಕಡೆ ಒಂದಷ್ಟು ಆದವು. ಇರುವವರೆಲ್ಲ ಸೇರಿ ಒಂದು ಪುಟ್ಟ ಮಾರಮ್ಮನ ಗುಡಿ ಕಟ್ಟಿದರು. ಗುಡಿಯ ಮುಂದೆ ಕರುಗಲ್ಲು ಬೇಕಲ್ಲ? ಹಳೆಯದು ಒಂದು ಶೆಡ್ಡಿನ ಹಿಂದೆ ಎಲ್ಲೋ ಮಣ್ಣಿನಡಿ ಹೂತುಹೋಗಿತ್ತು. ಹೊಸ ಕಲ್ಲು ತಂದರಾಯಿತು ಅಂತ ಎಲ್ಲರೂ ಒಪ್ಪಿದರು. ಆಗ ಎಲ್ಲಿಂದಲೋ ಸುದ್ದಿ ತಿಳಿದು ಮಾವ ಬಂದಿಳಿದ. ತಲೆ ನರೆತಿತ್ತು, ದನಿ ಮಾತ್ರ ಅದೇ.

"ಹಳೇ ಕಲ್ಲೇ ಬರ್ಬೇಕು. ಎಲ್ಲೈತೆ ಅಂತ ನಂಗೊತ್ತು."

ಆ ಶೆಡ್ಡಿನ ಮಾಲೀಕರು ಒಳ್ಳೆಯವರು, ಅಗೆದು ನೋಡಿಕೊಳ್ಳಿ ಅಂದರು. ಆದರೆ ಭಾನುವಾರ ಒಂದೇ ದಿನ. ಸೋಮವಾರ ಬೆಳಿಗ್ಗೆ ಹಿಂದಿನ ಜಾಗಕ್ಕೆಲ್ಲ ಕಾಂಕ್ರೀಟು ಹಾಕಿಸುವವರಿದ್ದರು. ಹಾಕಿದ ಮೇಲೆ ಕರುಗಲ್ಲು ಶಾಶ್ವತವಾಗಿ ಅಡಿಯಲ್ಲೇ.

ಭಾನುವಾರ ಹಾರೆ ಗುದ್ದಲಿ ಸಮೇತ ಹೋದೆವು. ಮಾವ ಧೀರನಂತೆ ಮುಂದೆ ನಡೆದು "ಇಲ್ಲಿ" ಅಂದ. ಅಗೆದರೆ ಬರೀ ಕಬ್ಬಿಣದ ಚೂರು. "ಅಲ್ಲ, ಅಲ್ಲಿ" ಅಂದ. ಅಲ್ಲಿ ಇಟ್ಟಿಗೆ. ಆಮೇಲೆ ಸುಮ್ಮನೆ ಸುತ್ತಲೂ ತಿರುಗಿ ನೋಡತೊಡಗಿದ. ಎತ್ತ ನೋಡಿದರೂ ಒಂದೇ ಥರದ ಶೀಟಿನ ಶೆಡ್ಡು, ಒಂದೇ ಥರದ ಕಾಂಪೌಂಡು. ಕೆರೆ ಯಾವ ಕಡೆ ಇತ್ತು ಅನ್ನುವುದೇ ಅವನಿಗೆ ತಿಳಿಯುತ್ತಿಲ್ಲ.

"ಏನ್ ಗೌಡ್ರೇ, ಜರ್ಮನೀಲಿ ಹೂತಿಟ್ಟು ಬಂದ್ರಾ?" ಅಂತ ಒಬ್ಬ ಅಂದ. ಎಲ್ಲರೂ ಹೋ ಅಂತ ನಕ್ಕರು. ಬುಲ್ಡೋಜರು ನೋಡಿ ಮೆಚ್ಚಿಕೊಂಡವರೇ ಇವರೆಲ್ಲ!

ಮಾವ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತ. ನಾನು ಹತ್ತಿರ ಹೋದರೆ ನನ್ನ ಮುಖ ನೋಡದೆ ಹೇಳಿದ:

"ಆ ಜರ್ಮನಿ ಅಜ್ಜಿ ಅವ್ರೂರಿನ್ ಕಥೆಯೆಲ್ಲ ಹೇಳಿ ಮುಗ್ಸಿ, ನನ್ ಎದೆ ಮೇಲೆ ಬೆರಳಿಟ್ಟು ಸನ್ನೆ ಮಾಡಿದ್ಲು ಪುಟ್ಟಿ. ನಿಮ್ಮೂರಲ್ಲಿ ಏನೈತೆ ಅಂತ. ನಾನು ಏನೂ ತೋರ್ಸಕ್ಕಾಗ್ದೆ ಕೂತಿದ್ದೆ. ಕೊನೇಗೆ ಒಂದು ಕರುಗಲ್ಲು ನೆನಪಾಯ್ತು, ಕಾಗದದ ಮೇಲೆ ಚಿತ್ರ ಬರ್ದು ತೋರ್ಸ್ದೆ. ಅವ್ಳು ಅದಕ್ಕೆ ಕೈ ಮುಗುದ್ಲು ಕಣೇ. ಬುಲ್ಡೋಜರ್ ಬಂದಾಗ ನಂಗೆ ನೋಡಕ್ಕಾಗ್ಲಿಲ್ಲ, ಓಡೋದೆ. ಈಗ ಅದ್ ಎಲ್ಲಿತ್ತು ಅನ್ನೋದೂ ಮರ್ತೋಯ್ತು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಗುವವರ ಮೇಲೆ, ಶೆಡ್ಡುಗಳ ಮೇಲೆ, ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನುಗ್ಗೇಕಾಯಿ ವಾಲಿಸುತ್ತಿದ್ದ ಈ ಮನುಷ್ಯನ ಮೇಲೆ. ಸಿಟ್ಟಿಗೆ ಎಡಗಿವಿ ಬಿಸಿಯಾಯಿತು. ಬಿಸಿಯಾದದ್ದೇ ನೆನಪಾಯಿತು! ಅವತ್ತು ಕರುಗಲ್ಲಿನ ಬುಡದಲ್ಲಿ ನಿಂತು ಅಳುತ್ತಾ ನಾನು ದಿಟ್ಟಿಸುತ್ತಿದ್ದದ್ದು ದೊಡ್ಡ ಹುಣಸೇಮರವನ್ನು. ಅದರ ಕವಲಿನೊಳಗೆ, ದೂರದ ಗುಡ್ಡದ ನೆತ್ತಿಯ ಬಂಡೆ ಸರಿಯಾಗಿ ಕೂತ ಹಾಗೆ ಕಾಣುತ್ತಿತ್ತು. ಗುಡ್ಡ ಎಲ್ಲೂ ಹೋಗಿರಲಿಲ್ಲ. ಹುಣಸೇಮರದಲ್ಲಿ ದೆವ್ವ ಇದೆ ಅಂತ ಯಾವ ಕಂಟ್ರಾಕ್ಟರನೂ ಅದನ್ನು ಮುಟ್ಟಿರಲಿಲ್ಲ. ನಮ್ಮೂರನ್ನು ಉಳಿಸಲು ಬಂದದ್ದು ಒಂದು ದೆವ್ವ ಮಾತ್ರ ಅನ್ನಿ!

ನೆಟ್ಟಗೆ ನಿಂತು ನೋಡಿದೆ, ಬಂಡೆ ಕವಲಿಗೆ ಕೂರಲಿಲ್ಲ. ಆಗ ನಾನು ಎಷ್ಟಿದ್ದೆ? ಸೊಂಟದೆತ್ತರ. ಸೆರಗು ಬಿಗಿದು ಕುಕ್ಕರುಗಾಲಲ್ಲಿ ಕೂತೆ. ಹಾಗೇ ಕೂತುಕೊಂಡೇ ಕಪ್ಪೆಯ ಹಾಗೆ ಒಂದೊಂದೇ ಹೆಜ್ಜೆ ಸರಿದೆ, ಊರಿನ ಗಂಡಸರೆಲ್ಲ ಮುಸಿಮುಸಿ ನಗುವಾಗ!

"ಏನಮ್ಮೋ, ನಿಂಗೂ ಜರ್ಮನಿ ಹಿಡೀತಾ?"

"ಬಾಯ್ ಮುಚ್ಕೊಂಡು ಹಾರೆ ಎತ್ತಣ್ಣ" ಅಂದೆ. ಬಂಡೆ ಮೆಲ್ಲಗೆ ಸರಿಯುತ್ತಾ ಬಂದು ಕವಲಿನಲ್ಲಿ ಕೂತಿತು. "ಇಲ್ಲಿ ಅಗೀರಿ."

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು. ಮಣ್ಣು ಬಳಿದರೆ ಕಪ್ಪನೆಯ, ದುಂಡನೆಯ ನೆತ್ತಿ. ಅರಿಶಿನದ ಗುರುತು ಬಿರುಕಿನಲ್ಲಿ ಇನ್ನೂ ಇತ್ತು. ನಗುತ್ತಿದ್ದವರೆಲ್ಲ ಚಪ್ಪಲಿ ಬಿಟ್ಟು ದೂರ ನಿಂತರು.

ಮಾವ ಎದ್ದು ಬಂದ. ಕಲ್ಲಿನ ಮುಂದೆ ಮೊಣಕಾಲೂರಿ, ಅದನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅಷ್ಟೂ ಜನರ ಎದುರಿಗೆ ನನ್ನ ಕಡೆ ತಲೆ ಬಗ್ಗಿಸಿ, ಎಡಗಿವಿ ಮುಂದೆ ಮಾಡಿದ.

"ಹಿಂಡೇ ಪುಟ್ಟಿ. ಜೋರಾಗಿ ಹಿಂಡು. ಇನ್ನೊಂದ್ಸಲ ಮರೀಬಾರ್ದು."

ಇಷ್ಟು ವರ್ಷದಿಂದ ಕಾದಿದ್ದ ಕಿವಿ! ಹಿಡಿದೆ. ಮಣ್ಣು ಮೆತ್ತಿಕೊಂಡಿತ್ತು, ಒಳಗೆಲ್ಲ ಬಿಳಿಕೂದಲು ಬಂದಿತ್ತು. ಎಷ್ಟು ತೆಳ್ಳಗಿತ್ತೆಂದರೆ ನನ್ನ ಕೈಗೆ ಹಿಂಡಲು ಬರಲೇ ಇಲ್ಲ. ಮಣ್ಣು ಒರೆಸಿ ಬಿಟ್ಟೆ.

"ಮರ್ತ್ರೆ ಮರ್ತೋಗ್ಲಿ ಬಿಡು ಮಾವ" ಅಂದೆ. "ನನ್ ಕಿವಿ ಐತಲ್ಲ."

ಮಾವ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು ಎದ್ದು, ನನ್ನ ಕೈ ಹಿಡಿದ.

"ಬಾ" ಅಂದ, "ಬನ್ನು ಕೊಡುಸ್ತೀನಿ."