ಹನ್ನೊಂದನೇ ಅಡ್ಡರಸ್ತೆಯ ಕೊನೆಯ ಮನೆಯ ದೂರನ್ನು ಮುಕ್ತಾಯಗೊಳಿಸದಿರುವ ಬಗ್ಗೆ

ಇಂದ:
ಅರ್ಜಿದಾರ, ದೂರು ಸ್ವೀಕರಿಸುವ ಗುಮಾಸ್ತ,
ನೀರು ಸರಬರಾಜು ಕಚೇರಿ, ನೆಲಮಹಡಿ, ಮೆಟ್ಟಿಲ ಕೆಳಗಿನ ಕೋಣೆ.

ಗೆ:
ಮಾನ್ಯ ಕಾರ್ಯನಿರ್ವಾಹಕ ಎಂಜಿನಿಯರ್ ಅವರು,
ಅದೇ ಕಚೇರಿ, ಮೊದಲ ಮಹಡಿ, ಹೀಟರ್ ಇರುವ ಕೋಣೆ.

ಮಾನ್ಯರೇ,

ವಿಷಯ: ಸುಳ್ಳು ದೂರು ಕೊಟ್ಟ ಮಹಿಳೆ ಯಾರೆಂದು ತಿಳಿಸುವ ಹಾಗೂ ಆಕೆಯ ದೂರನ್ನು ಬಾಕಿ ಇಡಲು ಕೋರುವ ಬಗ್ಗೆ.

ಉಲ್ಲೇಖ: 1) ತಮ್ಮ ಕಾರಣ ಕೇಳುವ ನೋಟೀಸು. 2) ಅದನ್ನು ಕೈಗೆ ಕೊಡುವಾಗ ತಾವು ಬಾಯಲ್ಲಿ ಹೇಳಿದ ಮಾತುಗಳು (ಇಲ್ಲಿ ಬರೆಯುವಂತಿಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹನ್ನೊಂದನೇ ಅಡ್ಡರಸ್ತೆಯ ಕೊನೆಯಲ್ಲಿ ಇಲ್ಲವೇ ಇಲ್ಲದ ಮನೆಯೊಂದಕ್ಕೆ ನೀರು ಬರುತ್ತಿಲ್ಲವೆಂದು ರಸ್ತೆ ಅಗೆಸಿ, ದೊಡ್ಡ ಕೊಳವೆ ಒಡೆಸಿ, ಇಡೀ ಬಡಾವಣೆಯನ್ನು ಒಂದು ದಿನ ಒಣಗಿಸಿದ್ದು ಅರ್ಜಿದಾರನ ಕೈಬರಹದ ಆದೇಶವೇ ಹೌದು. ತಮ್ಮ ಮನೆಯೂ ಅದೇ ಬಡಾವಣೆಯಲ್ಲಿದ್ದು, ತಾವು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಹೊತ್ತಿಗೇ ನಲ್ಲಿ ನಿಂತದ್ದಕ್ಕೆ ಅವನಿಗೆ ಪ್ರತ್ಯೇಕವಾಗಿ ವಿಷಾದವಿದೆ. ಸುಳ್ಳು ದೂರುದಾರಳು ಯಾರೆಂದು ತಿಳಿಸಿದರೆ ಆಕೆಗೆ ದಂಡ, ತಿಳಿಸದಿದ್ದರೆ ಅರ್ಜಿದಾರನಿಗೆ ಉಗ್ರಾಣಕ್ಕೆ ವರ್ಗ ಎಂದು ನೋಟೀಸಿನಲ್ಲಿದೆ. ಆಕೆ ಯಾರೆಂದು ಅರ್ಜಿದಾರನಿಗೆ ಗೊತ್ತು. ವಿಳಾಸ ಇನ್ನೂ ಚೆನ್ನಾಗಿ ಗೊತ್ತು, ಯಾಕೆಂದರೆ ಅವನೂ ಅಲ್ಲೇ ಇರುವುದು. ಆಕೆ ಅವನ ಹೆಂಡತಿ.

ಗಾಬರಿಯಾಗಬೇಡಿ ಸ್ವಾಮಿ, ಅರ್ಜಿದಾರನಿಗೂ ಹೀಗೇ ಆಗಿತ್ತು. ಮುಂದಿನ ಸಂಗತಿಗಳನ್ನು 'ನಾನು' ಎಂದು ಬರೆಯಲು ಅವನಿಗೆ ನಾಚಿಕೆಯಾಗುವ ಕಾರಣ, ಎಲ್ಲ ಕಡೆ 'ಅರ್ಜಿದಾರ' ಎಂದೇ ಬರೆಯಲಾಗಿದೆ.

1. ಅರ್ಜಿದಾರನ ಕೆಲಸ ನೀರು ಕೊಡುವುದಲ್ಲ, ನೀರು ಬಾರದವರಿಗೆ ಸಮಾಧಾನ ಕೊಡುವುದು. ಜನ ಬೆಂಕಿಯಾಗಿ ಫೋನ್ ಮಾಡುತ್ತಾರೆ, ಇಡುವಾಗ 'ನಿಮ್ಮ ಹೊಟ್ಟೆ ತಣ್ಣಗಿರಲಿ' ಎಂದು ಇಡುತ್ತಾರೆ. ನೀರು ಮಾತ್ರ ಬಂದಿರುವುದಿಲ್ಲ. ಎಲ್ಲರ ಮೂಗಿಗೂ ತುಪ್ಪ ಸವರಿ ಕಳಿಸುತ್ತಾನೆಂದು ಪಕ್ಕದ ಮೇಜಿನ ಟೈಪಿಸ್ಟ್ ಅಮ್ಮನವರು ಅವನಿಗೆ 'ತುಪ್ಪದ ಸಾಹೇಬರು' ಎಂದು ಹೆಸರಿಟ್ಟಿದ್ದಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದನ್ನು ಈ ಕಚೇರಿಯಲ್ಲಿ ಸಂಬಳ ತೆಗೆದುಕೊಂಡು ಪಾಲಿಸಿದವನು ಅವನೊಬ್ಬನೇ.

ಆದರೆ ಮನುಷ್ಯನಿಗೆ ದಿನಕ್ಕೆ ಇಷ್ಟೇ ಮಾತು ಎಂದು ಇರುತ್ತದೆ. ಅರ್ಜಿದಾರನ ಪಾಲಿನದು ಕಚೇರಿಯಲ್ಲೇ ಖರ್ಚಾಗುತ್ತಿದ್ದ ಕಾರಣ, ಮನೆಗೆ 'ಹ್ಞಾಂ', 'ಹ್ಞೂಂ' ಮತ್ತು 'ನೋಡೋಣ' ಮಾತ್ರ ಉಳಿಯುತ್ತಿದ್ದವು. ಸಂಸಾರ ನಡೆಸಲು ಇಷ್ಟು ಸಾಕೆಂದು ಅವನು ನಂಬಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅತ್ತೆಯವರು ಒಮ್ಮೆ ಅವನೆದುರಿಗೇ ಅಂದಿದ್ದರು. ಯಾರನ್ನೋ ಅನ್ನುತ್ತಿದ್ದಾರೆಂದು ಅವನೂ ತಲೆಯಾಡಿಸಿದ್ದ.

2. ಅರ್ಜಿದಾರನ ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ, ಗಿರಾಕಿಗಳು ಕೊಂಡ ಪ್ಯಾಂಟುಗಳ ಉದ್ದ ತಗ್ಗಿಸಿ ಹೊಲಿದುಕೊಡುವ ಕೆಲಸದಲ್ಲಿದ್ದಾಳೆ. ಮಳೆಗಾಲದ ಒಂದು ಮಧ್ಯಾಹ್ನ, ಮಗಳ ಕನ್ನಡಕ ಮುರಿದ ಸಂಗತಿ ಹೇಳಲು ಗಂಡನ ಮೊಬೈಲಿಗೆ ಮಾಡಿದಳು. ಕಚೇರಿಯ ನಿಯಮದಂತೆ ಅದು ಡ್ರಾಯರಿನಲ್ಲಿ ಬಾಯಿ ಮುಚ್ಚಿಕೊಂಡು ಮಲಗಿತ್ತು. ಆದಕಾರಣ, ಅಂಗಡಿಯ ಫೋನಿನಿಂದ ನೇರವಾಗಿ ದೂರು ವಿಭಾಗಕ್ಕೇ ಮಾಡಿ 'ಹಲೋ' ಎಂದಳು. ಅರ್ಜಿದಾರ ಎಲ್ಲರಿಗೂ ಹೇಳುವಂತೆಯೇ, "ನಮಸ್ಕಾರ ಅಮ್ಮ, ಹೇಳಿ. ಅವಸರ ಇಲ್ಲ, ನಿಧಾನಕ್ಕೆ ಹೇಳಿ, ನಾನು ಕೇಳ್ತಾ ಇದೀನಿ" ಎಂದ.

ಅಷ್ಟು ಕೇಳಿದ್ದೇ ಆಕೆಗೆ ಕನ್ನಡಕ ಮರೆತೇ ಹೋಯಿತಂತೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು: "ನೀರು ಬರ್ತಿಲ್ಲ ಸಾರ್."

ಆಮೇಲೆ ವಾರಕ್ಕೊಮ್ಮೆ, ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ ಕರೆ ಬರತೊಡಗಿತು. ವಿಳಾಸ ಕೇಳಿದ್ದಕ್ಕೆ ಹನ್ನೊಂದನೇ ಅಡ್ಡರಸ್ತೆ, ಕೊನೆಯ ಮನೆ ಎಂದಳು. ಮಾತು ನೀರಿನಿಂದ ಶುರುವಾಗಿ ಮಂಡಿನೋವಿಗೆ, ಬಾಗಿಲು ಹಾಕಿಕೊಂಡು ಕೂರುವ ಮಗಳಿಗೆ, ಕೊನೆಗೆ ಗಂಡನಿಗೆ ಬಂದು ನಿಲ್ಲುತ್ತಿತ್ತು. "ಯಜಮಾನರು ಹೇಗಮ್ಮ?" ಎಂದು ಅರ್ಜಿದಾರ ಕೇಳಿದ್ದುಂಟು. "ಒಳ್ಳೆಯವರೇ ಸಾರ್. ಮಾತು ಕಮ್ಮಿ" ಎಂದು ಆಕೆ ಹೇಳಿದ್ದುಂಟು. "ಕೆಲವರು ಹಾಗೇ ಅಮ್ಮ, ನೀವೇ ಹೊಂದ್ಕೊಂಡು ಹೋಗ್ಬೇಕು" ಎಂದು ಅವನು ಬುದ್ಧಿ ಹೇಳಿದ್ದೂ ಉಂಟು. ಹಿಂದೆ ಹೊಲಿಗೆ ಯಂತ್ರಗಳ ಗರ್ರ್ ಸದ್ದು ಕೇಳಿ, "ಮೋಟಾರ್ ಒಂದ್ಸಲ ಆಫ್ ಮಾಡಿ ನೋಡಿ ಅಮ್ಮ, ನೀರು ಬರಬಹುದು" ಎಂದು ಸಲಹೆಯನ್ನೂ ಕೊಟ್ಟಿದ್ದಾನೆ.

ಕಟ್ಟಿಕೊಂಡ ಹೆಂಡತಿಯ ಧ್ವನಿ ತಿಳಿಯಲಿಲ್ಲವೇ ಎಂದು ತಾವು ಕೇಳಬಹುದು. ಮನೆಯಲ್ಲಿ ಅವನು ಕೇಳಿದ್ದು 'ಊಟಕ್ಕೆ ಬನ್ನಿ', 'ಗ್ಯಾಸ್ ಮುಗಿದಿದೆ' ಎಂಬ ಧ್ವನಿಯನ್ನು. ಫೋನಿನದು ನಗುವ, ತಮಾಷೆ ಮಾಡುವ, ಹೇಳಿದ್ದನ್ನೇ ಇನ್ನೊಮ್ಮೆ ಬಣ್ಣ ಕಟ್ಟಿ ಹೇಳುವ ಹೆಂಗಸಿನ ಧ್ವನಿ. ಅದು ಅವನ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಅಪರೂಪಕ್ಕೆ ಬಾಯಿಬಿಟ್ಟು, "ಪಾಪ, ಒಬ್ಬ ಹೆಂಗಸು ಫೋನ್ ಮಾಡ್ತಾಳೆ. ಎಂಥ ತಾಳ್ಮೆ ಅವಳಿಗೆ! ಗಂಡ ಯಾವನೋ ಮರದ ಕೊರಡು ಇರ್ಬೇಕು" ಎಂದ.

"ಇರ್ಬೇಕು" ಎಂದು ಹೆಂಡತಿ ಇನ್ನಷ್ಟು ಅನ್ನ ಬಡಿಸಿದಳು.

3. ವರ್ಷದ ಕೊನೆಗೆ ರದ್ದಾಗುವ ರಜೆ ಮೂರು ದಿನ ಉಳಿದಿದ್ದರಿಂದ, ಆಗಿದ್ದಾಗಲಿ ಎಂದು ಅರ್ಜಿದಾರ ಸಂಸಾರ ಸಮೇತ ಸರೋವರದ ಪಕ್ಕದ ಲಾಡ್ಜೊಂದಕ್ಕೆ ಹೊರಟ. ಹೊರಡುವ ಹಿಂದಿನ ಸಂಜೆ ಮನಸ್ಸು ಚುಚ್ಚಿತು: ನಾನಿಲ್ಲಿ ನೀರು ನೋಡಲು ಹೊರಟಿದ್ದೇನೆ, ಆ ತಾಯಿ ನೀರಿಲ್ಲದೆ ಒದ್ದಾಡುತ್ತಿದ್ದಾಳೆ. ಆದಕಾರಣ, ಸೇವೆಗೆ ಸೇರಿದಾಗಿನಿಂದ ಮೊದಲ ಬಾರಿಗೆ ಒಂದು ದೂರಿನ ಮೇಲೆ ಕೆಂಪು ಶಾಯಿಯಲ್ಲಿ 'ತುರ್ತು, ಅಗೆಯಿರಿ' ಎಂದು ಬರೆದ. ಲೈನ್‌ಮ್ಯಾನ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರ್, ನಿಜವಾಗ್ಲೂ ಅಗೀಬೇಕಾ?" ಎಂದು ಎರಡು ಸಲ ಕೇಳಿದ. ಅವನ ತಪ್ಪೇನೂ ಇಲ್ಲ. ಅಲ್ಲಿ ಮನೆ ಕಾಣದೆ, ಒಂದು ಗೋಡೆ ಮತ್ತು ಒಂದು ಕಂಬ ಮಾತ್ರ ಕಂಡರೂ, 'ತುರ್ತು ಅಂತ ಇತ್ತಲ್ಲ' ಎಂದು ಅಗೆದಿದ್ದಾನೆ.

4. ರಜೆಯ ಬಗ್ಗೆ: ಮನೆಯ ಮೂರು ಮೂಲೆಗಳಲ್ಲಿ ಹಂಚಿಹೋಗಿರುವ ಮೂವರನ್ನು ಚಳಿಯಲ್ಲಿ ಒಂದೇ ಕೋಣೆಯೊಳಗೆ ಕೂಡಿಹಾಕುವುದಕ್ಕೆ ರಜೆ ಎನ್ನುತ್ತಾರೆ. ಸರೋವರ ಇತ್ತು ಎಂದು ಎಲ್ಲರೂ ಹೇಳಿದರು. ಮಂಜು ಎಷ್ಟಿತ್ತೆಂದರೆ, ಮಗಳು ತೆಗೆದ ಚಿತ್ರಗಳಲ್ಲಿ ಅಪ್ಪನ ಮಫ್ಲರ್ ಬಿಟ್ಟರೆ ಬೇರೇನೂ ಬಿದ್ದಿಲ್ಲ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕುಟುಂಬ 'ಆಹಾ, ಏನು ನೋಟ' ಎನ್ನುತ್ತಿದ್ದುದರಿಂದ ಅರ್ಜಿದಾರನೂ ಮರ್ಯಾದೆಗೆ ಆಹಾ ಎಂದ.

ಲಾಡ್ಜಿನಲ್ಲಿ ಬಿಸಿನೀರು ಬರಲಿಲ್ಲ. "ಹೋಗಿ ಕೇಳ್ರೀ" ಎಂದು ಹೆಂಡತಿ ಕಳಿಸಿದಳು. ಮ್ಯಾನೇಜರು ಎದ್ದು ನಿಂತು ಕುರ್ಚಿ ಕೊಟ್ಟು, "ಸಾರ್, ನೀವು ಹೇಳಿದ್ದು ಒಳ್ಳೇದಾಯ್ತು. ನಿಮ್ಮಂಥೋರು ಹೇಳಿದ್ರೇ ನಮಗೂ ಗೊತ್ತಾಗೋದು. ಈಗಲೇ ಗಮನಿಸ್ತೀವಿ" ಎಂದ. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದ ಅರ್ಜಿದಾರನಿಗೆ ಒಬ್ಬ ಕಲಾವಿದನನ್ನು ಕಂಡಂತಾಯಿತು. ನಗುನಗುತ್ತಾ ಕೋಣೆಗೆ ಬಂದ.

"ನೀರೆಲ್ಲಿ?" ಎಂದಳು ಹೆಂಡತಿ.

"ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ!"

"ಅಯ್ಯೋ ನನ್ನ ಕರ್ಮವೇ. ನೀರು ಕೇಳಿದ್ರೆ ಮಾತು ತಂದಿದೀರಲ್ಲ!" ಎಂದು ಮತ್ತೆ ಕೆಳಗೆ ಅಟ್ಟಿದಳು.

5. ಅರ್ಜಿದಾರ ಕೆಳಗೆ ಹೋದಾಗ ಮ್ಯಾನೇಜರು ಬಾಯ್ಲರ್ ನೋಡಲು ಹೋಗಿದ್ದ. ಮೇಜಿನ ಫೋನು ಹೊಡೆದುಕೊಳ್ಳತೊಡಗಿತು. ಹೊಡೆದುಕೊಳ್ಳುವ ಫೋನನ್ನು ಎತ್ತದೆ ಬಿಡುವುದು ಅವನ ಕೈಗೆ ಗೊತ್ತಿಲ್ಲ. ಎತ್ತಿ, ಹೆಣ್ಣುಧ್ವನಿಯ 'ಹಲೋ' ಕೇಳಿದ್ದೇ, "ನಮಸ್ಕಾರ ಅಮ್ಮ, ಹೇಳಿ" ಎಂದ.

"ನೀರು ಬರ್ತಿಲ್ಲ ಸಾರ್" ಎಂದಿತು ಆ ಕಡೆಯ ಧ್ವನಿ.

ಅರ್ಜಿದಾರ ಸಂತೋಷದಿಂದ ಎದ್ದು ನಿಂತ. "ಓಹೋ, ಹನ್ನೊಂದನೇ ಅಡ್ಡರಸ್ತೆಯವರಲ್ವಾ ಅಮ್ಮ! ನಿಮ್ದು ಅಗೆಯೋಕೆ ಹೇಳಿ ಬಂದಿದೀನಿ. ನೀವೂ ಇಲ್ಲಿಗೇ ಬಂದಿದೀರಾ?"

 "ರೀ, ಮೇಲೆ ಬನ್ನಿ" ಎಂದಿತು ಅದೇ ಧ್ವನಿ. ಫೋನಿನ ಮೇಲಿನ ಕೋಣೆ ನಂಬರುಗಳ ಸಾಲಿನಲ್ಲಿ ಉರಿಯುತ್ತಿದ್ದ ದೀಪ ಅವರ ಕೋಣೆಯದೇ ಎಂಬುದನ್ನು ಅವನು ಆಗ ನೋಡಿದ.

ಮಗಳು ಹೊದ್ದು ಮಲಗಿದ್ದಳು. ಗಂಡ ಹೆಂಡತಿ ಹೊರಗೆ, ಸರೋವರ ಇದೆಯೆಂದು ಹೇಳಲಾದ ದಿಕ್ಕಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂತರು.

"ಯಾವಾಗಿಂದ?" ಎಂದು ಅರ್ಜಿದಾರ ಕೇಳಿದ.

"ಮಳೆಗಾಲದಿಂದ."

"ಹೇಳಬಾರದಿತ್ತಾ?"

"ವಾರ ವಾರ ಹೇಳ್ತಾನೇ ಇದ್ನಲ್ಲ ರೀ."

"ಮನೇಲಿ ಹೇಳೋದಲ್ವಾ ಮಾರಾಯ್ತಿ!"

"ಮನೇಲಿ ಹೇಳಿದ್ರೆ ನೋಡೋಣ ಅಂತೀರಿ. ಅಲ್ಲಾದ್ರೆ ಎಡ ಮಂಡೀನಾ ಬಲ ಮಂಡೀನಾ, ಮೆಟ್ಟಿಲು ಹತ್ತುವಾಗ ನೋವಾ ಇಳಿಯುವಾಗ ನೋವಾ ಅಂತ ಕೇಳ್ತೀರಿ. ನಂಗೆ ಮಂಡಿನೋವು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ, ನೀರಿನ ಆಫೀಸಿಗೆ ಗೊತ್ತು." ಆಕೆ ಶಾಲನ್ನು ಕಿವಿಗೆ ಎಳೆದುಕೊಂಡಳು. "ಇನ್ನು ಅದೂ ಇಲ್ಲ ಬಿಡಿ. ಗೊತ್ತಾದ್ಮೇಲೆ ಅಂಥ ಮಾತು ಬರಲ್ಲ."

ಅರ್ಜಿದಾರನಿಗೆ ಅಳು ಬಂತು. ಇದನ್ನು ಬೇರೆ ರೀತಿಯಲ್ಲಿ ನಮೂದಿಸಲು ಕಚೇರಿ ಭಾಷೆಯಲ್ಲಿ ಹುಡುಕಿದ, ಸಿಗಲಿಲ್ಲ. ಇನ್ನು ಆಕೆ ಫೋನಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, 'ಊಟಕ್ಕೆ ಬನ್ನಿ' ಒಂದೇ ಉಳಿಯುತ್ತದೆ ಎಂಬ ಭಯ ಅವನನ್ನು ಹಿಡಿಯಿತು. ಉಗ್ರಾಣಕ್ಕೆ ಹಾಕುತ್ತೀರೆಂದು ನಂತರ ತಿಳಿದಾಗ ಇದರ ಕಾಲು ಭಾಗವೂ ಭಯವಾಗಲಿಲ್ಲ.

ಉಳಿದ ಒಂದೂವರೆ ದಿನ ಅವನು ಬಹಳ ಪ್ರಯತ್ನ ಮಾಡಿದ. ಬೆಳಗ್ಗೆ ಎದ್ದವನೇ ಕಚೇರಿಯ ಧ್ವನಿಯಲ್ಲಿ, "ನಮಸ್ಕಾರ ಅಮ್ಮ, ಹೇಳಿ" ಎಂದ. "ಥೂ, ಅಮ್ಮ ಅನ್ಬೇಡಿ" ಎಂದು ಹೆಂಡತಿ ಬೈದಳು. "ಅಪ್ಪಂಗೆ ಏನಾಗಿದೆ?" ಎಂದು ಮಗಳು ಕೇಳಿದಳು. ಬಸ್ಸಿನಲ್ಲಿ ವಾಪಸು ಬರುವಾಗ, ಬೇರೇನೂ ಹೊಳೆಯದೆ, "ಇಳಿಯುವಾಗ ನೋವಾ?" ಎಂದು ಮೆಲ್ಲಗೆ ಕೇಳಿದ. "ಹತ್ತುವಾಗ" ಎಂದು ಆಕೆ ಕಿಟಕಿ ಕಡೆ ನೋಡುತ್ತಾ ಹೇಳಿದಳು. ಮೂರು ದಿನಗಳ ರಜೆಯಲ್ಲಿ ಕೈಗೆ ದಕ್ಕಿದ್ದು ಇಷ್ಟೇ.

6. ಕೆಲಸಕ್ಕೆ ಮರಳಿದಾಗ ತಮ್ಮ ನೋಟೀಸು ಕಾದಿತ್ತು. ಒಂದು ದೂರು ಮುಗಿಯಿತು ಎನ್ನಬೇಕಾದರೆ, ದೂರು ಕೊಟ್ಟವರೇ ಮುಕ್ತಾಯ ಚೀಟಿಯ ಮೇಲೆ 'ಪರಿಹಾರವಾಗಿದೆ' ಎಂದು ಸಹಿ ಹಾಕಬೇಕೆಂಬುದು ನಮ್ಮ ಕಚೇರಿಯ ಪದ್ಧತಿ. ಸಹಿ ಬಿದ್ದರೆ ಎಲ್ಲರ ತಲೆನೋವೂ ಮುಗಿಯುತ್ತದೆಂದು ಅರ್ಜಿದಾರ ಚೀಟಿಯನ್ನು ಮನೆಗೆ ಒಯ್ದ. ಹೆಂಡತಿ ಅದನ್ನು ದೀಪದ ಕೆಳಗೆ ಹಿಡಿದು ಪೂರ್ತಿ ಓದಿದಳು.

"ಪರಿಹಾರವಾಗಿದೆ ಅಂತ ಸಹಿ ಹಾಕೋದಾ?"

"ಹ್ಞೂಂ. ಇಲ್ಲಾಂದ್ರೆ ಫೈಲು ಮುಚ್ಚಲ್ಲ."

"ಹಾಕಿದ್ರೆ ನಾಳೆಯಿಂದ ಮತ್ತೆ ಪೇಪರ್ ಹಿಡ್ಕೊಂಡು ಕೂತ್ಕೋತೀರಿ. ನಾನು ಹಾಕಲ್ಲ. ಮುಚ್ಚದಿದ್ರೆ ಇನ್ನೂ ಒಳ್ಳೇದು" ಎಂದು ಚೀಟಿ ವಾಪಸು ಕೊಟ್ಟಳು. ಕೊಡುವಾಗ ಆಕೆಯ ಮುಖದಲ್ಲಿ ಸ್ವಲ್ಪ ನಗುವಿತ್ತೆಂದು ಅರ್ಜಿದಾರನ ನಂಬಿಕೆ. ದೃಢೀಕರಿಸಲು ಸಾಕ್ಷಿಗಳಿಲ್ಲ.

ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳಿಂದ, ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ:

(ಅ) ದೂರು ಸುಳ್ಳಲ್ಲ. ವಿಳಾಸ ಮಾತ್ರ ತಪ್ಪು. ಆದ್ದರಿಂದ ದಂಡವನ್ನು ದೂರುದಾರಳಿಗೆ ಹಾಕದೆ, ದೂರಿಗೆ ಕಾರಣನಾದ ಅರ್ಜಿದಾರನಿಗೆ ಹಾಕಬೇಕು.

(ಆ) ಉಗ್ರಾಣಕ್ಕೆ ವರ್ಗ ಮಾಡಬಹುದು. ಅಲ್ಲಿ ಕೊಳವೆಗಳ ಜೊತೆ ಮಾತಾಡಬೇಕಾದ ಪ್ರಮೇಯವಿಲ್ಲದ ಕಾರಣ, ಸಂಜೆಗೆ ಮಾತು ಉಳಿಯುತ್ತದೆ.

(ಇ) ಸದರಿ ದೂರನ್ನು ಯಾವ ಕಾರಣಕ್ಕೂ ಮುಕ್ತಾಯಗೊಳಿಸಬಾರದು. ಅರ್ಜಿದಾರನ ನಿವೃತ್ತಿಯ ನಂತರವೂ ಅವನ ಹೆಸರಿನಲ್ಲೇ ಬಾಕಿ ಇಡಬೇಕು.

ದಂಡ, ವರ್ಗ, ಬೈಗುಳ ಯಾವುದಾದರೂ ಸರಿ ಎಂದು ಕಾದಿರುವ,

ತಮ್ಮ ವಿಶ್ವಾಸಿ,
(ಸಹಿ) ಅರ್ಜಿದಾರ

ಲಗತ್ತುಗಳು:
1. ದೂರುದಾರಳು ಸಹಿ ಹಾಕಲು ಒಪ್ಪದ ಮುಕ್ತಾಯ ಚೀಟಿ.
2. ರಜೆಗೆ ಹೋಗಿದ್ದಕ್ಕೆ ಸಾಕ್ಷಿಯಾಗಿ ಮಂಜಿನ ಚಿತ್ರ ಒಂದು. ಮಫ್ಲರ್ ಅರ್ಜಿದಾರನದು.

ವಿ.ಸೂ.: ಅರ್ಜಿಯನ್ನು ಬರೆದು ಮುಗಿಸುವ ಹೊತ್ತಿಗೆ ಟೈಪಿಸ್ಟ್ ಅಮ್ಮನವರು ಬಂದು, ಗೇಟಿನ ಹೊರಗೆ ಯಾರೋ ಹೆಂಗಸು ತುಪ್ಪದ ಸಾಹೇಬರನ್ನು ಕೇಳಿಕೊಂಡು ನಿಂತಿದ್ದಾರೆ ಎಂದರು. ಕಿಟಕಿಯಿಂದ ನೋಡಲಾಗಿ ದೂರುದಾರಳೇ. ಅಂಗಡಿಯಿಂದ ಇಷ್ಟು ದೂರ ನಡೆದು ಈ ಕಚೇರಿಗೆ ಆಕೆ ಬಂದಿರುವುದು ಇದೇ ಮೊದಲು. ಏನು ಹೇಳಲು ಬಂದಿದ್ದಾಳೋ ಅರ್ಜಿದಾರನಿಗೆ ತಿಳಿಯದು. ಆದ್ದರಿಂದ ನೋಟೀಸಿನಲ್ಲಿ ಗೊತ್ತುಪಡಿಸಿರುವ ಈ ಸಂಜೆಯ ವಿಚಾರಣೆಯನ್ನು ನಾಳೆಗೆ ಹಾಕಿ, ಅವನನ್ನು ಈಗಲೇ ಬಿಟ್ಟುಬಿಡಬೇಕಾಗಿ ವಿನಂತಿ. ಮಂಡಿನೋವಿನವಳು, ಬಹಳ ಹೊತ್ತು ನಿಂತುಕೊಳ್ಳಲಾರಳು.