ರಜೆಯ ದಿನದ ಮೆಣಸಿನ ಸಾರು

ಇಂದ್ರೇಶನಿಗೆ ಈ ಸಲ ನಿಜವಾಗಿಯೂ ನೆಗಡಿಯಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಹೋದ ತಿಂಗಳು ಜ್ವರ ಎಂದು ಸಿಕ್ ಲೀವ್ ಹಾಕಿದವನು ಅದೇ ಮಧ್ಯಾಹ್ನ ರೌಸ್ ಹಿಲ್ ಮಾಲ್‌ನಲ್ಲಿ ಐಸ್‌ಕ್ರೀಮ್ ತಿನ್ನುತ್ತ ಮ್ಯಾನೇಜರ್ ಬದರಿನಾಥರ ಕೈಗೆ ಸಿಕ್ಕಿಬಿದ್ದಿದ್ದ. "ಇನ್ನೊಂದ್ ಸಲ ಹಿಂಗಾದ್ರೆ ಪರ್ಮನೆಂಟಾಗಿ ಮನೇಲೇ ಇದ್ದುಬಿಡು" ಎಂದು ಅವರು ನಗುತ್ತಲೇ ಹೇಳಿದ್ದರು. ಈ ಪರದೇಶದಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ಪಿಆರ್ ಇನ್ನೂ ಬಂದಿರಲಿಲ್ಲ. ಕೆಲಸ ಹೋದರೆ ಅದರ ಬೆನ್ನಿಗೇ ವೀಸಾನೂ ಹೋಗುತ್ತಿತ್ತು.

ಹಾಗಾಗಿ ಬೆಳಿಗ್ಗೆ ಫೋನ್ ಮಾಡಿದಾಗ ಅವನು ಕೆಮ್ಮು, ಸೀನು, ಗೊಗ್ಗರು ದನಿ ಎಲ್ಲವನ್ನೂ ಧಾರಾಳವಾಗಿಯೇ ಕೇಳಿಸಿದ.

"ಹೌದಾ? ಪಾಪ," ಎಂದರು ಬದರಿನಾಥ. "ಮಧ್ಯಾಹ್ನ ನಿಮ್ಮ ಪ್ಯಾರಮಟ್ಟಾದಲ್ಲೇ ನಂಗೊಂದು ಕ್ಲೈಂಟ್ ಮೀಟಿಂಗ್ ಇದೆ. ಹಂಗೇ ನಿನ್ನೂ ನೋಡ್ಕೊಂಡ್ ಹೋಗ್ತೀನಿ."

ಬರಲಿ, ಕಣ್ಣಾರೆ ನೋಡಲಿ ಎಂದುಕೊಂಡ ಇಂದ್ರೇಶ. ಕನ್ನಡಿಯಲ್ಲಿ ಮೂಗು ಟೊಮೆಟೊ ಹಾಗೆ ಕೆಂಪಗಿತ್ತು. ಅವನಿಗೆ ತನ್ನ ನೆಗಡಿಯ ಮೇಲೆ ಅಭಿಮಾನವೇ ಉಕ್ಕಿತು. ಆದರೆ ಹೊಟ್ಟೆ ಕೇಳಬೇಕಲ್ಲ. ಅನ್ನಕ್ಕಿಟ್ಟು, ಮೆಣಸು ಜೀರಿಗೆ ಕುಟ್ಟಿ ಹುಣಸೆ ರಸಕ್ಕೆ ಹಾಕಿ ಕುದಿಯಲು ಬಿಟ್ಟ. ಬಿಸಿ ಅನ್ನಕ್ಕೆ ಖಾರದ ಸಾರು ಕಲಸಿ ಉಂಡು, ರಗ್ಗು ಹೊದ್ದು, ಬದರಿನಾಥರು ಬರುವ ಹೊತ್ತಿಗೆ ನರಳುತ್ತ ಮಲಗಿರುವುದು ಅವನ ಯೋಜನೆ.

ಅಷ್ಟರಲ್ಲಿ ಅವನ ಸೀನು ಗೋಡೆ ದಾಟಿತ್ತು. ಎದುರು ಫ್ಲ್ಯಾಟಿನ ಸುಜಾತಾ ಆಂಟಿ ತುಪ್ಪದ ಡಬ್ಬಿ ಹಿಡಿದು ಬಂದರು. ಅವರ ಹಿಂದೆಯೇ ಮಲ್ಲವ್ವಜ್ಜಿ. ಗದಗದಿಂದ ಪಕ್ಕದ ಫ್ಲ್ಯಾಟಿಗೆ, ಮಗಳ ಮನೆಗೆಂದು ಬಂದ ಅಜ್ಜಿ ಮಾತಾಡಲು ಜನ ಸಿಗದೆ ಒದ್ದಾಡುತ್ತಿದ್ದರು. ಇಂದ್ರೇಶನ ನೆಗಡಿ ಅವರಿಗೆ ಹಬ್ಬದಂತೆ ಒದಗಿತು.

ಅಜ್ಜಿ ಒಂದು ಹನಿ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದರು. "ಇದೇನಪಾ, ಸಾರೋ, ಜಳಕದ ನೀರೋ? ಮೂಗು ಬಿಡಬೇಕಂದ್ರ ಒಣಮೆಣಸಿನಕಾಯಿ ಒಗ್ಗರಣಿ ಬೀಳಬೇಕ ನೋಡು."

"ಅಯ್ಯೋ, ಅಷ್ಟು ಖಾರ ಆಗಲ್ಲ ಅಜ್ಜಿ. ತುಪ್ಪ, ಜೀರಿಗೆ ಸಾಕು," ಎಂದರು ಮೈಸೂರಿನ ಸುಜಾತಾ ಆಂಟಿ.

"ತುಪ್ಪಾ ಬಾಣಂತಿಗೆ ಹಾಕ್ರಿ!"

"ನಂಗೆ ಹೆಂಗಾದ್ರೂ ಪರ್ವಾಗಿಲ್ಲ" ಎಂದು ಇಂದ್ರೇಶ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅಜ್ಜಿ ಮಗಳ ಮನೆಯಿಂದ ಒಂದು ಹಿಡಿ ಮೆಣಸಿನಕಾಯಿ ತಂದು, ಮುರಿದು ಕಾದ ಎಣ್ಣೆಗೆ ಹಾಕಿ, "ನೋಡ್ಕೋತ ಇರು" ಎಂದು ಮತ್ತೆ ವಾದಕ್ಕೆ ನಿಂತರು. ಮೂಗು ಕಟ್ಟಿದವನಿಗೆ ಸೀದ ವಾಸನೆ ಎಲ್ಲಿಂದ ಬರಬೇಕು? ಬದರಿನಾಥರ ಮುಂದೆ ಹೇಗೆ ನರಳಬೇಕು ಎಂದು ಯೋಚಿಸುತ್ತ ಅವನು ಒಲೆಯ ಮುಂದೆ ನಿಂತೇ ಇದ್ದ. ಮೆಣಸಿನಕಾಯಿ ಕರಕಲಾಯಿತು.

ಘಾಟು ಎದ್ದಿತು. ಸ್ಮೋಕ್ ಅಲಾರಂ ಅರಚಿಕೊಂಡಿತು. ಅಜ್ಜಿ ಬಾಗಿಲಿನತ್ತ ಓಡಿದರು.

"ತೆಗೀಬೇಡಿ!" ಆಂಟಿ ಅಡ್ಡ ನಿಂತರು. "ಹೊಗೆ ಕಾರಿಡಾರ್‌ಗೆ ಹೋದ್ರೆ ಇಡೀ ಬಿಲ್ಡಿಂಗ್ ಅಲಾರಂ ಹೊಡ್ಕೊಳ್ಳುತ್ತೆ, ಫೈರ್ ಎಂಜಿನ್ ಬರುತ್ತೆ. ಬಾಲ್ಕನಿ ತೆಗಿಯೋ!"

ಇಂದ್ರೇಶ ಬಾಲ್ಕನಿ ತೆರೆದು, ಕುರ್ಚಿ ಹತ್ತಿ, ಅಲಾರಂ ಬಾಯಿ ಮುಚ್ಚುವ ತನಕ ಸ್ನಾನದ ಟವೆಲ್ ಬೀಸಿದ. ಬೀಸುತ್ತ ಬೀಸುತ್ತ ಸೀನಿದ. ಸೀನುತ್ತಿದ್ದ ಹಾಗೇ ಮೂಗು ಬಿಟ್ಟಿತು, ಗಂಟಲು ತಿಳಿಯಾಯಿತು. ಅಜ್ಜಿ ಮಾತ್ರ ಆ ಕರಕಲು ಒಗ್ಗರಣೆಯನ್ನೂ ಬಿಡದೆ, ಔಷಧವೆಂದು ಸಾರಿಗೆ ಸುರಿದರು.

ಆಗಲೇ ಬಾಗಿಲು ಬಡಿದ ಸದ್ದು. ಆಂಟಿ ಬಾಗಿಲನ್ನು ಒಂದಿಷ್ಟೇ ತೆರೆದು, ಹೊರಗೆ ಸೂಟು ತೊಟ್ಟು ನಿಂತಿದ್ದ ಬದರಿನಾಥರನ್ನು ಕೈ ಹಿಡಿದು ಒಳಗೆಳೆದು, ಧಡಾರನೆ ಮುಚ್ಚಿದರು.

"ಬನ್ನಿ ಸರ್, ಕೂತ್ಕೊಳ್ಳಿ!" ಎಂದ ಇಂದ್ರೇಶ. ದನಿ ಖಣಖಣ ಎಂದಿತು. ಅವನಿಗೇ ಗಾಬರಿಯಾಯಿತು. ಕೆಮ್ಮಲು ನೋಡಿದ, ಬರಲಿಲ್ಲ.

ಬದರಿನಾಥ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಲ್ಲೋ ನಿನ್ನ ನೆಗ..." ಎನ್ನುವಷ್ಟರಲ್ಲಿ ಸೀನು ಬಂತು. ಅದರ ಹಿಂದೆ ಇನ್ನೊಂದು. ಏನೋ ಘಾಟು ಎಂದು ಗೊತ್ತಾಗುವ ಮೊದಲೇ ಅವರ ಮೂಗು ಕಟ್ಟಿತು, ಕಣ್ಣಲ್ಲಿ ನೀರು ಸುರಿಯಿತು.

"ಅಯ್ಯ ಶಿವನ! ಇವ್ರಿಗೆ ಭಾಳ ಆಗೇತಿ," ಎಂದು ಅಜ್ಜಿ ಅವರನ್ನು ಸೋಫಾದಲ್ಲಿ ಕೂರಿಸಿ ಇಂದ್ರೇಶನ ರಗ್ಗು ಹೊದಿಸಿದರು. ಆಂಟಿ ಹಣೆ ಮುಟ್ಟಿ, ಬೆಚ್ಚಗಿದೆ ಎಂದರು. ಇಬ್ಬರೂ ಒಪ್ಪಿದ ವಿಷಯ ಅದೊಂದೇ.

"ಅಜ್ಜಿ, ಅವ್ರಿಗೇನೂ ಆಗಿಲ್ಲ..."

"ನೀ ಸುಮ್ನಿರು. ಆರಾಮ ಇದ್ದವಗ ಏನ್ ತಿಳೀತೈತಿ?"

ಬಿಸಿ ಅನ್ನ, ಖಾರದ ಸಾರು, ಮೇಲೆ ಆಂಟಿಯ ತುಪ್ಪ. ಹೆಂಡತಿ ಊರಿಗೆ ಹೋದ ಮೇಲೆ ಸಾರಿನ ಮುಖವನ್ನೇ ಕಾಣದ ಬದರಿನಾಥ ಬೇಡ ಬೇಡ ಎನ್ನುತ್ತಲೇ ಎರಡನೇ ತಟ್ಟೆಗೆ ಬಂದರು. ಆಮೇಲೆ ಮೂಗು ಒರೆಸಿಕೊಂಡು ಇಂದ್ರೇಶನ ಕಡೆ ಮರುಕದಿಂದ ನೋಡಿದರು.

"ಸಾರಿ ಕಣೋ. ಫೋನಲ್ಲಿ ನಾಟಕ ಆಡ್ತಿದೀಯ ಅಂದ್ಕೊಂಡಿದ್ದೆ. ನಿಂಗೆ ನಿಜವಾಗ್ಲೂ ನೆಗಡಿ ಆಗಿತ್ತು."

ಇಂದ್ರೇಶನಿಗೆ ಅವರ ಕಾಲು ಹಿಡಿಯುವಷ್ಟು ಸಂತೋಷವಾಯಿತು. "ನಂಬಿದ್ರಲ್ಲ ಸರ್, ಅಷ್ಟು ಸಾಕು!"

"ನಂಬದೆ ಏನ್ಮಾಡ್ಲಿ? ಬಂದು ಎರಡು ನಿಮಿಷಕ್ಕೆ ನಂಗೇ ಅಂಟ್ಕೊಂಡ್ತಲ್ಲ!"

ಅದು ಒಗ್ಗರಣೆಯ ಘಾಟು ಸರ್ ಎನ್ನಲು ಇಂದ್ರೇಶ ಬಾಯಿ ತೆರೆದ. ಹಾಗೆಂದರೆ ತನ್ನ ನೆಗಡಿಯೂ ಘಾಟಿನ ಲೆಕ್ಕಕ್ಕೇ ಹೋಗುತ್ತದೆ ಎಂದು ಹೊಳೆದು ಮುಚ್ಚಿಕೊಂಡ.

ಬದರಿನಾಥ ರಗ್ಗಿನೊಳಗೆ ಇನ್ನಷ್ಟು ಮುದುರಿ, ಲ್ಯಾಪ್‌ಟಾಪ್ ಬ್ಯಾಗನ್ನು ಅವನತ್ತ ತಳ್ಳಿದರು. "ಹಿಂಗೆ ಸೀನ್ಕೊಂಡು ಕ್ಲೈಂಟ್ ಮುಂದೆ ಹೋಗೋಕಾಗಲ್ಲ. ನಾನು ಸಿಕ್ ಲೀವ್ ಹಾಕ್ತೀನಿ. ನಿಂಗಂತೂ ವಾಸಿ ಆಗಿದೆಯಲ್ಲ, ಮೀಟಿಂಗ್ ನೀನೇ ಮುಗಿಸ್ಕೊಂಡ್ ಬಾ."

ಇಂದ್ರೇಶ ಹಸಿದ ಹೊಟ್ಟೆಯಲ್ಲೇ ಶೂ ಹಾಕಿಕೊಂಡ. ಒಳಗೆ ಅಜ್ಜಿ ಪಾತ್ರೆ ಬಗ್ಗಿಸಿ ಕೊನೆಯ ಸೌಟು ಸಾರನ್ನು ಬದರಿನಾಥರ ತಟ್ಟೆಗೆ ಬಡಿಸುತ್ತಿದ್ದರು. ಮೂಗು ಪೂರ್ತಿ ಬಿಟ್ಟಿದ್ದರಿಂದ ಅದರ ಘಮ ಅವನಿಗೆ ಲಿಫ್ಟಿನವರೆಗೂ ಚೆನ್ನಾಗಿಯೇ ಬಂತು.